ಮನೆಯ ಸಾಬೂನು, ನೆರೆಯವರ ಬಾವಿ

ಬಲಿಪೂಜೆಯಲ್ಲಿ ಬಳಸಿದ ಪವಿತ್ರ ವಸ್ತ್ರಗಳನ್ನು ಒಗೆಯುವುದಕ್ಕೆ ಧರ್ಮಸಭೆಯಲ್ಲಿ ಬಹುಕಾಲದಿಂದ ಒಂದು ಕ್ರಮ ನಡೆದುಬಂದಿದೆ. ಬಲಿಪೀಠದ ಮೇಲೆ ಪರಮ ಪ್ರಸಾದದ ಅಡಿಗೆ ಹಾಸುವ ಬಟ್ಟೆಯನ್ನೂ ಪಾನಪಾತ್ರೆಯನ್ನು ಒರೆಸುವ ಬಟ್ಟೆಯನ್ನೂ ಮೊದಲು ಬರಿಯ ನೀರಿನಲ್ಲಿ ಜಾಲಾಡಿ, ಆ ನೀರನ್ನು ಚರಂಡಿಗೆ ಬಿಡದೆ, ಅದಕ್ಕೆಂದೇ ಇರುವ ಕುಂಡದಲ್ಲಿ ಇಲ್ಲವೇ ಶುದ್ಧವಾದ ನೆಲದಲ್ಲಿ ಸುರಿಯುತ್ತಾರೆ. ಆಮೇಲಷ್ಟೇ ಸಾಬೂನು, ಆಮೇಲಷ್ಟೇ ಸಾಮಾನ್ಯ ಒಗೆತ. ಇದಕ್ಕೆ ಕಾರಣ ಪ್ರಭುವಿನ ಶರೀರ ಮತ್ತು ರಕ್ತದ ಮೇಲಣ ಪೂಜ್ಯಭಾವವೇ ಹೊರತು ಬೇರೆಯಲ್ಲ. ಮನೆಯ ಕೊಳೆನೀರಿಗೂ ಅದಕ್ಕೂ ಹೋಲಿಕೆ ಸಲ್ಲದು. ಆದರೂ ಒಂದು ಮಾತನ್ನು ನಾವು ಇಲ್ಲಿ ಗಮನಿಸಬಹುದು. ಬಟ್ಟೆ ಶುಚಿಯಾದರೆ ಸಾಲದು, ಒಗೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕೆಂಬ ವಿವೇಕ ನಮ್ಮ ದೇವಾಲಯದ ಒಳಗೇ ಇದೆ.

ಇತ್ತೀಚೆಗೆ ಅನೇಕ ಕುಟುಂಬಗಳಲ್ಲಿ ಬಟ್ಟೆ ಒಗೆಯುವ ಪುಡಿಯನ್ನೂ ಸಾಬೂನನ್ನೂ ಮನೆಯಲ್ಲೇ ತಯಾರಿಸುವ ಆಸಕ್ತಿ ಬೆಳೆಯುತ್ತಿದೆ. ಖರ್ಚು ಕಡಿಮೆಯಾಗುತ್ತದೆ, ಕೈಗೆ ತೊಂದರೆಯಿಲ್ಲ, ನೀರಿಗೆ ವಿಷವಿಲ್ಲ ಎಂದು ಅದರ ಪರವಾಗಿ ಹೇಳಲಾಗುತ್ತದೆ. ಈ ಮಾತುಗಳಲ್ಲಿ ಎಷ್ಟು ಸತ್ಯವಿದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಈ ವಾರ ವಾಚಕರೊಂದಿಗೆ ವಿಚಾರ ಮಾಡಬಯಸುತ್ತೇವೆ.

ಪವಿತ್ರ ಗ್ರಂಥದಲ್ಲಿ ಅಗಸನ ಕಾಯಕ

ಬಟ್ಟೆ ಒಗೆಯುವ ಕೆಲಸವನ್ನು ಪವಿತ್ರ ಗ್ರಂಥ ಕೀಳಾಗಿ ಕಂಡಿಲ್ಲ. ಬರಲಿರುವ ಪ್ರಭುವಿನ ದಿನವನ್ನು ಪ್ರವಾದಿ ಮಲಾಕಿಯನು ಅಕ್ಕಸಾಲಿಗನ ಬೆಂಕಿಗೂ ಅಗಸನ ಸಾಬೂನಿಗೂ ಹೋಲಿಸಿದನು. ಎಷ್ಟು ಸೋಡಾ, ಎಷ್ಟು ಸಾಬೂನು ಹಚ್ಚಿ ತೊಳೆದರೂ ಅಧರ್ಮದ ಕಲೆ ಹೋಗದು ಎಂದು ಪ್ರವಾದಿ ಯೆರೆಮಿಯನು ಎಚ್ಚರಿಸಿದನು. ರೂಪಾಂತರದ ಬೆಟ್ಟದ ಮೇಲೆ ಯೇಸುವಿನ ಉಡುಪು ಲೋಕದ ಯಾವ ಅಗಸನೂ ಬಿಳುಪುಗೊಳಿಸಲಾರದಷ್ಟು ಬೆಳ್ಳಗೆ ಹೊಳೆಯಿತೆಂದು ಸಂತ ಮಾರ್ಕನು ಬರೆದಿದ್ದಾನೆ. ದೇವರ ಮಹಿಮೆಯನ್ನು ಅಳೆಯಲು ಶುಭಸಂದೇಶಕಾರನಿಗೆ ಹತ್ತಿರದಲ್ಲಿ ಸಿಕ್ಕ ಅಳತೆಗೋಲು ಒಗೆಯುವವನ ಕೆಲಸವೇ ಆಗಿತ್ತು. ನಮ್ಮ ನಾಡಿನಲ್ಲಿಯೂ 12ನೆಯ ಶತಮಾನದ ಶರಣರ ನಡುವೆ ಮಡಿವಾಳ ಮಾಚಿದೇವರು ಇದೇ ಕಾಯಕದಿಂದ ಪೂಜ್ಯರಾದರು.

ಧರ್ಮಸಭೆಯ ಸಂತರ ಸಾಲಿನಲ್ಲಿ ಒಬ್ಬ ಅಗಸಗಿತ್ತಿಯೂ ಇದ್ದಾಳೆ. 7ನೆಯ ಶತಮಾನದಲ್ಲಿ, ಇಂದು ಫ್ರಾನ್ಸಿಗೆ ಸೇರಿದ ಅಲ್ಸಾಸ್ ಪ್ರಾಂತ್ಯದಲ್ಲಿ ಬಾಳಿದ ಸಂತ ಹುನ್ನಾ ಸಿರಿವಂತರ ಮನೆಯವಳಾಗಿದ್ದೂ ನೆರೆಯ ಬಡವರ ಬಟ್ಟೆಗಳನ್ನು ತಾನೇ ಒಗೆದುಕೊಡುತ್ತಿದ್ದಳು. ಅದಕ್ಕಾಗಿಯೇ ಜನರು ಅವಳನ್ನು 'ಪವಿತ್ರ ಅಗಸಗಿತ್ತಿ' ಎಂದು ಕರೆದರು. 1520ರಲ್ಲಿ ಹತ್ತನೆಯ ಲಿಯೋ ಜಗದ್ಗುರುಗಳು ಅವಳಿಗೆ ಸಂತಪದವಿ ನೀಡಿದರು. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ, 2017ರ ಏಪ್ರಿಲ್ ತಿಂಗಳಲ್ಲಿ ರೋಮ್ ನಗರದಲ್ಲಿ ಪೋಪ್ ಫ್ರಾನ್ಸಿಸರ ಹೆಸರಿನಲ್ಲಿ ಬಡವರಿಗಾಗಿ ಉಚಿತವಾಗಿ ಬಟ್ಟೆ ಒಗೆದುಕೊಳ್ಳುವ ಕೇಂದ್ರವೊಂದು ಆರಂಭವಾಯಿತು. ಮನೆಯಿಲ್ಲದವನಿಗೆ ಊಟದಷ್ಟೇ ಶುಚಿಯಾದ ಅಂಗಿಯೂ ಬೇಕು, ಅದು ಅವನ ಮಾನದ ಪ್ರಶ್ನೆ ಎಂಬುದನ್ನು ಆ ಕೇಂದ್ರ ಸಾರಿತು.

ಬೂದಿಯಿಂದ ಪುಡಿಯವರೆಗೆ

ನಮ್ಮ ಅಜ್ಜಿಯರ ಕಾಲದಲ್ಲಿ ಒಲೆಯ ಬೂದಿ, ಚೌಳುಮಣ್ಣು, ಅಂಟುವಾಳದ ಕಾಯಿ, ಸೀಗೆಪುಡಿಗಳೇ ಶುಚಿಯ ಸಾಧನಗಳಾಗಿದ್ದವು. ಬೂದಿ ಮತ್ತು ಚೌಳಿನಲ್ಲಿರುವ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ; ಅಂಟುವಾಳ ಸೀಗೆಗಳಲ್ಲಿರುವ ಸ್ಯಾಪೊನಿನ್ ಎಂಬ ವಸ್ತು ನೊರೆಯೆಬ್ಬಿಸಿ ಕೊಳೆಯನ್ನು ನೀರಿಗೆಳೆಯುತ್ತದೆ. 1918ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸಾಬೂನು ಕಾರ್ಖಾನೆ ಸ್ಥಾಪನೆಯಾಯಿತು. ಮುಂದೆ ಬಟ್ಟೆಗೆಂದೇ 501ರಂಥ ಉದ್ದನೆಯ ಬಾರ್ ಸೋಪುಗಳು ಅಂಗಡಿಗಳಲ್ಲಿ ಕಾಣಿಸಿಕೊಂಡವು. 1959ರಲ್ಲಿ ಸರ್ಫ್ ಪುಡಿ ಭಾರತದ ಮಾರುಕಟ್ಟೆಗೆ ಬಂತು. ಅದಾಗಿ ಹತ್ತು ವರ್ಷಕ್ಕೆ, 1969ರಲ್ಲಿ, ಗುಜರಾತಿನಲ್ಲಿ ಸರ್ಕಾರಿ ಪ್ರಯೋಗಾಲಯವೊಂದರ ರಸಾಯನ ತಜ್ಞರಾಗಿದ್ದ ಕರ್ಸನ್‌ಭಾಯಿ ಪಟೇಲರು ತಮ್ಮ ಮನೆಯ ಹಿತ್ತಲಲ್ಲೇ ಪುಡಿ ಬೆರೆಸಿ, ಸೈಕಲ್ಲಿನ ಮೇಲೆ ಕೊಂಡೊಯ್ದು ಕಡಿಮೆ ಬೆಲೆಗೆ ಮಾರತೊಡಗಿದರು. ಅದೇ ನಿರ್ಮಾ. ದೇಶದ ಮನೆಮನೆಗೂ ತಲುಪಿದ ಪುಡಿಯೊಂದು ಹುಟ್ಟಿದ್ದೇ ಮನೆಯ ಹಿತ್ತಲಲ್ಲಿ ಎಂಬುದು ನೆನಪಿಡತಕ್ಕ ಸಂಗತಿ.

ಸಾಬೂನಿಗೂ ಡಿಟರ್ಜೆಂಟಿಗೂ ಇರುವ ಭೇದವನ್ನು ಇಲ್ಲಿ ತಿಳಿಯಬೇಕು. ಎಣ್ಣೆ ಅಥವಾ ಕೊಬ್ಬಿಗೆ ಕ್ಷಾರ ಸೇರಿದಾಗ ಆಗುವುದು ಸಾಬೂನು. ಡಿಟರ್ಜೆಂಟು ಬಹುಮಟ್ಟಿಗೆ ಪೆಟ್ರೋಲಿಯಂ ಮೂಲದಿಂದ ಬಂದ ರಾಸಾಯನಿಕ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಬಿಳಿಯ ಕಸರಾಗಿ ಬಟ್ಟೆಗೆ ಅಂಟುತ್ತವೆ, ನೊರೆ ಬರುವುದಿಲ್ಲ. ಡಿಟರ್ಜೆಂಟಿಗೆ ಈ ತೊಡಕು ಕಡಿಮೆ. ಅದು ಗೆದ್ದದ್ದು ಇದರಿಂದಲೇ. ಕರಾವಳಿಯ ಮೆದು ನೀರಿನ ಬಾವಿಯಲ್ಲಿ ಸಾಬೂನು ಚೆನ್ನಾಗಿ ನೊರೆಯುತ್ತದೆ. ಬಯಲುಸೀಮೆಯ ಕೊಳವೆಬಾವಿಯ ನೀರಿನಲ್ಲಿ ಅದೇ ಸಾಬೂನು ಸೋಲುತ್ತದೆ.

ಆದರೆ ಆ ಗೆಲುವಿಗೆ ನೀರು ಬೆಲೆ ತೆತ್ತಿತು. ಆರಂಭದ ಡಿಟರ್ಜೆಂಟುಗಳು ನೀರಿನಲ್ಲಿ ಬೇಗ ಕೊಳೆಯದ ಕಾರಣ 1950ರ ದಶಕದಲ್ಲಿ ಯುರೋಪ್ ಅಮೆರಿಕಗಳ ನದಿಗಳ ಮೇಲೆ ನೊರೆಯ ಗುಡ್ಡೆಗಳೆದ್ದವು. 1960ರ ದಶಕದ ಮಧ್ಯದ ಹೊತ್ತಿಗೆ ಅಲ್ಲಿಯವರು ಬೇಗ ಕೊಳೆಯುವ ಜಾತಿಗೆ ಬದಲಾದರು. ನೀರಿನ ಗಡಸುತನವನ್ನು ಅಡಗಿಸಲು ಪುಡಿಗೆ ಬೆರೆಸುತ್ತಿದ್ದ ಫಾಸ್ಫೇಟು ಎರಡನೆಯ ತೊಂದರೆಯಾಯಿತು. ಅದು ಗೊಬ್ಬರದಂತೆ ವರ್ತಿಸಿ ಕೆರೆಯಲ್ಲಿ ಪಾಚಿಯನ್ನೂ ಕಳೆಯನ್ನೂ ಬೆಳೆಸುತ್ತದೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕರಗಿ ಮೀನುಗಳು ಸಾಯುತ್ತವೆ. ಯುರೋಪಿನ ಒಕ್ಕೂಟವು 2013ರಿಂದ ಮನೆಬಳಕೆಯ ಬಟ್ಟೆಪುಡಿಗಳಲ್ಲಿ ಫಾಸ್ಫರಸ್ಸಿಗೆ ಮಿತಿ ಹಾಕಿತು. ನಮ್ಮಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ಗಾಳಿಗೆ ಹಾರಿ ರಸ್ತೆಗೆ ಬಿದ್ದುದನ್ನೂ 2018ರ ಜನವರಿಯಲ್ಲಿ ಆ ಕೆರೆಯ ಅಂಗಳದಲ್ಲಿ ಬೆಂಕಿಯೆದ್ದುದನ್ನೂ ನಾಡೆಲ್ಲ ಕಂಡಿತು. ಊರಿನ ಚರಂಡಿ ನೀರೆಲ್ಲ ಅಲ್ಲಿಗೆ ಸೇರಿದ ಫಲ ಅದು. ಅದರಲ್ಲಿ ಮನೆಮನೆಯ ಒಗೆದ ನೀರೂ ಇತ್ತು.

ಅದೇ 2015ರಲ್ಲಿ ಹೊರಬಂದ 'ಲೌದಾತೊ ಸೀ' ಎಂಬ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸರು ನದಿ ಕೆರೆ ಸಮುದ್ರಗಳಿಗೆ ಹರಿದು ಸೇರುತ್ತಿರುವ ಮಾಲಿನ್ಯಗಳ ನಡುವೆ ಡಿಟರ್ಜೆಂಟುಗಳನ್ನು ಹೆಸರಿಟ್ಟು ಸೂಚಿಸಿದ್ದಾರೆ. ಶುದ್ಧವಾದ ಕುಡಿಯುವ ನೀರು ಪ್ರತಿಯೊಬ್ಬನ ಮೂಲಭೂತ ಹಕ್ಕೆಂದೂ, ಮನೆಯಲ್ಲಿ ದಿನನಿತ್ಯ ನಡೆಸುವ ಸಣ್ಣ ಕಾರ್ಯಗಳೂ ಸೃಷ್ಟಿಯ ರಕ್ಷಣೆಗೆ ಬೆಲೆಯುಳ್ಳವೆಂದೂ ಅದರಲ್ಲಿ ಬೋಧಿಸಿದ್ದಾರೆ. ಮುರಕಲ್ಲಿನ ನೆಲದಲ್ಲಿ ಬಟ್ಟೆ ಒಗೆಯುವ ಕಲ್ಲಿನಿಂದ ಇಳಿದ ನೀರು ಬೇಗನೆ ಒಳಗೆ ಜಿನುಗುತ್ತದೆ. ಅದು ಸೇರುವುದು ನಮ್ಮ ಬಾವಿಗೆ. ನಮ್ಮದು ಎತ್ತರದಲ್ಲಿದ್ದರೆ ಕೆಳಗಿನ ನೆರೆಯವರ ಬಾವಿಗೆ. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆ ಇಲ್ಲಿಗೂ ಅನ್ವಯಿಸುತ್ತದೆ.

ಮನೆಯಲ್ಲಿ ಮಾಡಬಹುದಾದ ಮೂರು ವಿಧಾನಗಳು

ಮೊದಲನೆಯದು ಅಂಟುವಾಳದ ನೀರು. ಹತ್ತು ಹನ್ನೆರಡು ಕಾಯಿಗಳನ್ನು ಒಡೆದು ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಬೇಕು. ಮರುದಿನ ಅದೇ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ, ಆರಿದ ಮೇಲೆ ಕೈಯಿಂದ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಬೇಕು. ಇದು ಒಂದು ಬಕೆಟ್ ಬಟ್ಟೆಗೆ ಸಾಕು. ರೇಷ್ಮೆ ಸೀರೆ, ಉಣ್ಣೆ, ಬಣ್ಣ ಬಿಡುವ ಬಟ್ಟೆಗಳಿಗೆ ಇದಕ್ಕಿಂತ ಸೌಮ್ಯವಾದದ್ದು ವಿರಳ. ಆದರೆ ಬಿಳಿಯ ಬಟ್ಟೆಗೆ ತುಸು ಕಂದು ಛಾಯೆ ಹಿಡಿಯಬಹುದಾದ್ದರಿಂದ ಬಲಿಪೀಠದ ವಸ್ತ್ರಗಳಿಗೂ ಮೊದಲ ಪರಮ ಪ್ರಸಾದದ ಬಿಳಿ ಉಡುಪಿಗೂ ಇದು ಬೇಡ. ನೀರನ್ನು ಬಹಳ ದಿನ ಇಟ್ಟರೆ ಹುಳಿಯುತ್ತದೆ. ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳುವುದು ಲೇಸು. ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ.

ಎರಡನೆಯದು ಸಾಬೂನು ಪುಡಿ. ಸುಗಂಧವಿಲ್ಲದ ಸಾಬೂನಿನ ಬಾರನ್ನು ಕೆಲವು ದಿನ ಒಣಗಿಸಿ, ತೆಂಗಿನಕಾಯಿ ತುರಿದಂತೆ ಸಣ್ಣಗೆ ತುರಿಯಬೇಕು. ತುರಿಯಷ್ಟೇ ತೂಕದ ಬಟ್ಟೆ ಸೋಡಾವನ್ನು ಅದಕ್ಕೆ ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಅಡಿಗೆ ಸೋಡಾ ಬೇರೆ, ಬಟ್ಟೆ ಸೋಡಾ ಬೇರೆ ಎಂಬುದು ನೆನಪಿರಲಿ. ಬಟ್ಟೆ ಸೋಡಾ ನೀರಿನ ಗಡಸು ಲವಣಗಳನ್ನು ಬೇರ್ಪಡಿಸಿ ಸಾಬೂನಿಗೆ ದಾರಿ ಮಾಡಿಕೊಡುತ್ತದೆ. ಎರಡು ದೊಡ್ಡ ಚಮಚ ಪುಡಿಯನ್ನು ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ಬಳಿಕ ಬಕೆಟ್ಟಿನ ನೀರಿಗೆ ಸೇರಿಸಿ ಬಟ್ಟೆ ನೆನೆಸಬೇಕು. ಹತ್ತಿಯ ಬಟ್ಟೆ, ಹಾಸಿಗೆ ಹೊದಿಕೆ, ಅಡಿಗೆಮನೆಯ ವಸ್ತ್ರಗಳಿಗೆ ಇದು ಒಳ್ಳೆಯದು. ರೇಷ್ಮೆ ಉಣ್ಣೆಗಳಿಗೆ ಬಟ್ಟೆ ಸೋಡಾ ತಾಗಿಸಬಾರದು; ಅದು ನೂಲನ್ನೇ ಕೆಡಿಸುತ್ತದೆ.

ಮೂರನೆಯದು ತೆಂಗಿನೆಣ್ಣೆಯ ಸಾಬೂನು. ಕನರು ವಾಸನೆ ಬಂದು ಅಡಿಗೆಗೆ ಸಲ್ಲದ ಎಣ್ಣೆಯೂ ಇದಕ್ಕೆ ಆಗುತ್ತದೆ. ಒಂದು ಕಿಲೋ ತೆಂಗಿನೆಣ್ಣೆಗೆ 175 ಗ್ರಾಂ ಕಾಸ್ಟಿಕ್ ಸೋಡಾ, 400 ಗ್ರಾಂ ನೀರು ಬೇಕು. ಎಲ್ಲವನ್ನೂ ತಕ್ಕಡಿಯಲ್ಲೇ ತೂಗಬೇಕು, ಲೋಟದ ಅಂದಾಜು ಸಲ್ಲದು. ಕಾಸ್ಟಿಕ್ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಿ ಕದಡಬೇಕೇ ಹೊರತು ಅದರ ಮೇಲೆ ನೀರನ್ನು ಎಂದಿಗೂ ಸುರಿಯಬಾರದು. ಕುದಿದು ಮುಖಕ್ಕೆ ಸಿಡಿಯುತ್ತದೆ. ದ್ರಾವಣ ಉಗುರುಬೆಚ್ಚಗಾದ ಮೇಲೆ ಅಷ್ಟೇ ಬೆಚ್ಚಗಿರುವ ಎಣ್ಣೆಗೆ ನಿಧಾನವಾಗಿ ಸುರಿಯುತ್ತ, ದೋಸೆಹಿಟ್ಟಿನ ಹದಕ್ಕೆ ಬರುವವರೆಗೆ ಕದಡಿ, ಕಾಗದ ಹಾಸಿದ ಪೆಟ್ಟಿಗೆಗೆ ಹೊಯ್ಯಬೇಕು. ಗಟ್ಟಿಯಾದ ಅದೇ ದಿನ ತುಂಡು ಮಾಡದಿದ್ದರೆ ಮರುದಿನ ಬಿರುಕು ಬಿಡುತ್ತದೆ. ತುಂಡುಗಳನ್ನು ನೆರಳಿನಲ್ಲಿ ನಾಲ್ಕು ವಾರ ಒಣಗಿಸಿ ಬಳಿಕ ಉಪಯೋಗಿಸಬೇಕು.

ಬೇರೆ ಎಣ್ಣೆಗೆ ಈ ಅಳತೆ ಹೊಂದುವುದಿಲ್ಲ. ಒಂದು ಕಿಲೋ ಕಡಲೆಕಾಯಿ ಎಣ್ಣೆಗೆ 130 ಗ್ರಾಂ ಕಾಸ್ಟಿಕ್ ಸೋಡಾ ಸಾಕು. ತೆಂಗಿನೆಣ್ಣೆಯ ಅಳತೆಯನ್ನೇ ಹಾಕಿದರೆ ಉಳಿದ ಕ್ಷಾರ ಕೈಯನ್ನು ಸುಡುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುವುದಲ್ಲದೆ ಉರಿಯುವ ಅನಿಲವೂ ಏಳುತ್ತದೆ. ಸ್ಟೀಲಿನ ಪಾತ್ರೆಯೇ ಬೇಕು. ಕೈಗವಸು, ಕಣ್ಣಿಗೆ ಕನ್ನಡಕ, ತೆರೆದ ಜಾಗ ಅವಶ್ಯ. ಮೈಗೆ ಅಥವಾ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷಕ್ಕೂ ಹೆಚ್ಚು ಕಾಲ ಧಾರಾಳ ನೀರಿನಿಂದ ತೊಳೆಯುತ್ತಿರಬೇಕು. ಕಣ್ಣಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮಗುವೇನಾದರೂ ನುಂಗಿದರೆ ವಾಂತಿ ಮಾಡಿಸಬಾರದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಕಾಸ್ಟಿಕ್ ಸೋಡಾಕ್ಕೆ ಬೀಗ ಹಾಕಿದ ಕಪಾಟು ಇಲ್ಲದಿದ್ದರೆ, ಈ ಮೂರನೆಯ ವಿಧಾನಕ್ಕೆ ಕೈಹಾಕದಿರುವುದೇ ವಿವೇಕವೆಂದು ನಾವು ಒತ್ತಿ ಹೇಳುತ್ತೇವೆ.

ಮನೆಯದೆಂದ ಮಾತ್ರಕ್ಕೆ ಒಳ್ಳೆಯದಲ್ಲ

ಮನೆಯಲ್ಲಿ ಮಾಡಿದ್ದೆಲ್ಲ ನಿರಪಾಯಕಾರಿ ಎಂಬ ನಂಬಿಕೆ ಸರಿಯಲ್ಲ. ಸ್ವಸಹಾಯ ಸಂಘಗಳ ತರಬೇತಿಗಳಲ್ಲಿ ಆಸಿಡ್ ಸ್ಲರಿಗೆ ಸೋಡಾ ಬೆರೆಸಿ ಪುಡಿ ಅಥವಾ ದ್ರವವನ್ನು ತಯಾರಿಸಲು ಕಲಿಸುವುದುಂಟು. ನಾಲ್ಕು ಕಾಸು ಸಂಪಾದಿಸಲು ಅದು ನೆರವಾಗುತ್ತದೆ, ಅದು ಸಂತೋಷದ ಸಂಗತಿ. ಆದರೆ ಅದು ಅಂಗಡಿಯ ಡಿಟರ್ಜೆಂಟೇ. ನೀರಿಗೆ ಸೇರುವುದೂ ಅದೇ ವಸ್ತು. ಆಸಿಡ್ ಸ್ಲರಿ ಚರ್ಮವನ್ನು ಸುಡುತ್ತದೆಂಬುದನ್ನೂ ಮರೆಯಬಾರದು.

ಅಂಟುವಾಳವೂ ಎಲ್ಲರಿಗೂ ಸೌಮ್ಯವಲ್ಲ. ಅದರ ಸ್ಯಾಪೊನಿನ್ ಮೀನುಗಳಿಗೆ ವಿಷ. ಆ ನೀರನ್ನು ಗಿಡದ ಬುಡಕ್ಕೆ ಸುರಿಯಬಹುದು. ತೋಡು, ಕೆರೆಗಳಿಗೆ ಬಿಡಬಾರದು. ಕೆಲವರು ಪುಡಿಗೆ ಬಿಳಿಗಾರ ಬೆರೆಸಲು ಹೇಳುತ್ತಾರೆ. ಬಿಳಿಗಾರದ ಬೋರಾನ್ ಹೆಚ್ಚಾದರೆ ಗಿಡಗಳ ಎಲೆಯಂಚು ಸುಟ್ಟಂತಾಗುತ್ತದೆ. ಒಗೆದ ನೀರನ್ನು ಬಾಳೆಗೋ ತರಕಾರಿಗೋ ಬಿಡುವ ನಮ್ಮಲ್ಲಿ ಅದನ್ನು ಕೈಬಿಡುವುದು ಉತ್ತಮ. ಬಟ್ಟೆ ಸೋಡಾದ ಸೋಡಿಯಂ ಕೂಡ ಒಂದೇ ಕಡೆ ಸೇರುತ್ತಿದ್ದರೆ ಜೇಡಿಮಣ್ಣು ಹೆಪ್ಪುಗಟ್ಟಿ ನೀರು ಇಂಗದಂತಾಗುತ್ತದೆ. ನೀರು ಹೋಗುವ ಗಿಡವನ್ನು ಆಗಾಗ ಬದಲಿಸುತ್ತಿರಬೇಕು. ಸಾಬೂನಿನ ನೀರಿಗೆ ವಿನೆಗರ್ ಬೆರೆಸಿದರೆ ಸಾಬೂನು ಒಡೆದು ಮತ್ತೆ ಜಿಡ್ಡೇ ಆಗುತ್ತದೆ. ಅಡಿಗೆ ಸೋಡಾಕ್ಕೆ ವಿನೆಗರ್ ಬೆರೆಸಿದರೆ ನೊರೆಯ ಸಂಭ್ರಮವಷ್ಟೇ, ಎರಡರ ಶಕ್ತಿಯೂ ಒಂದರಿಂದೊಂದು ನಷ್ಟವಾಗುತ್ತದೆ.

ಗಡಸು ನೀರಿನ ಊರುಗಳಲ್ಲಿ ಸಾಬೂನು ಪುಡಿಯಿಂದಲೇ ಸದಾ ಒಗೆದರೆ ಬಟ್ಟೆ ಮಾಸಲಾಗಿ, ಟವೆಲು ನೀರು ಹೀರದಂತಾಗುತ್ತದೆ. ಒಗೆಯುವ ಯಂತ್ರದ ಒಳಗೂ ಕಸರು ಕಟ್ಟುತ್ತದೆ. ಅಂಥ ಮನೆಯವರು ಫಾಸ್ಫೇಟ್ ಇಲ್ಲವೆಂದು ನಮೂದಿಸಿದ ಪುಡಿಯನ್ನು ಕೊಂಡು ಅಳತೆ ಮೀರದಂತೆ ಬಳಸಿದರೆ ಅದೂ ಒಳ್ಳೆಯ ಕೆಲಸವೇ. ನೊರೆ ಹೆಚ್ಚಾದಷ್ಟೂ ಶುಚಿ ಹೆಚ್ಚು ಎಂಬುದು ಜಾಹೀರಾತು ಬೆಳೆಸಿದ ಭ್ರಮೆ. ಡಬ್ಬಿಯ ಮೇಲೆ ಹೇಳಿದ ಅಳತೆಗಿಂತ ಒಂದು ಹಿಡಿ ಹೆಚ್ಚು ಹಾಕುವ ಅಭ್ಯಾಸವನ್ನು ಬಿಟ್ಟರೆ, ಏನನ್ನೂ ತಯಾರಿಸದೆಯೇ ಹಣ ಉಳಿಯುತ್ತದೆ, ಜಾಲಾಡುವ ನೀರೂ ಉಳಿಯುತ್ತದೆ. ಬಿಳಿಯ ಬಟ್ಟೆಗೆ ಬಿಸಿಲಿಗಿಂತ ಅಗ್ಗದ ಬಿಳುಪು ಮದ್ದು ಇನ್ನೊಂದಿಲ್ಲ.

ಒಗೆಯುವ ಕೈಗಳು

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾಗದು. ನಮ್ಮ ಅನೇಕ ಮನೆಗಳಲ್ಲಿ ಬಟ್ಟೆ ಒಗೆಯುವವರು ಮನೆಗೆಲಸದ ಹೆಣ್ಣುಮಕ್ಕಳು. ಅಗ್ಗವೆಂದು ನಾವು ತಂದ ಉಗ್ರವಾದ ಪುಡಿಯನ್ನು ನಿತ್ಯವೂ ಮುಟ್ಟುವುದು ಅವರ ಬೆರಳುಗಳು. ಬಿರುಕು ಬಿಡುವುದೂ ಅವೇ. ಅವರಿಗೊಂದು ಜೊತೆ ರಬ್ಬರ್ ಕೈಗವಸು, ಕೆಲಸ ಮುಗಿದ ಮೇಲೆ ಹಚ್ಚಿಕೊಳ್ಳಲು ಒಂದಿಷ್ಟು ತೆಂಗಿನೆಣ್ಣೆ ಕೊಡುವುದು ದಾನವಲ್ಲ, ನ್ಯಾಯ. ಮನೆಯಲ್ಲಿ ತಾಯಿಯೊಬ್ಬಳೇ ಒಗೆಯುವಳಾದರೆ ಪತಿಯೂ ಬೆಳೆದ ಮಕ್ಕಳೂ ಕೈಗೂಡಿಸಲಿ. ಪವಿತ್ರ ಗುರುವಾರದಂದು ಪ್ರಭು ಯೇಸು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಪಾದ ತೊಳೆದುದನ್ನು ವರ್ಷವರ್ಷವೂ ಸ್ಮರಿಸುವ ನಮಗೆ ಈ ಕೆಲಸ ಯಾರಿಗೂ ಕೀಳೆನಿಸಬಾರದು.

ಬರುವ ತಪಸ್ಸುಕಾಲಕ್ಕೆ ನಾವು ಒಂದು ಸಲಹೆಯನ್ನು ಧರ್ಮಕೇಂದ್ರಗಳ ಮುಂದಿಡುತ್ತೇವೆ. ಉಪವಾಸ ಮತ್ತು ದಾನದ ಜೊತೆಗೆ, ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯದ ಮನೆಗಳು ತಮ್ಮ ಒಗೆದ ನೀರು ಎಲ್ಲಿಗೆ ಹೋಗುತ್ತದೆಂದು ಒಮ್ಮೆ ನಡೆದು ನೋಡಲಿ. ಬಾವಿಯ ಹತ್ತಿರವಿರುವ ಒಗೆಯುವ ಕಲ್ಲನ್ನು ದೂರ ಸರಿಸುವುದು ಸಾಧ್ಯವೇ, ನೀರನ್ನು ತೆಂಗಿನ ಬುಡಕ್ಕೆ ತಿರುಗಿಸುವುದು ಸಾಧ್ಯವೇ ಎಂದು ಒಟ್ಟಿಗೆ ಕುಳಿತು ಯೋಚಿಸಲಿ. ಬಟ್ಟೆ ಸೋಡಾವನ್ನೂ ಸಾಬೂನು ಬಾರನ್ನೂ ನಾಲ್ಕಾರು ಮನೆಯವರು ಸೇರಿ ಸಗಟಾಗಿ ಕೊಂಡರೆ ಬೆಲೆಯೂ ಇಳಿಯುತ್ತದೆ. ತಕ್ಕಡಿಯ ಅಳತೆ ಬಲ್ಲ, ಅನುಭವವುಳ್ಳ ಒಬ್ಬರ ಮೇಲ್ವಿಚಾರಣೆಯಲ್ಲಿ ಸ್ತ್ರೀಯರ ಸಂಘ ಸಾಬೂನು ತಯಾರಿಸಿದರೆ, ನಾಲ್ಕು ವಾರ ಒಣಗಿದ ಆ ತುಂಡುಗಳಲ್ಲಿ ಒಂದು ಪಾಲು ವೃದ್ಧಾಶ್ರಮಕ್ಕೂ ಸಾಬೂನು ಕೊಳ್ಳಲೂ ಕಷ್ಟಪಡುವ ಮನೆಗಳಿಗೂ ಸಲ್ಲಲಿ. ತಪಸ್ಸುಕಾಲದ ಆರಂಭದಲ್ಲಿ ಹೊಯ್ದ ಸಾಬೂನು ಪಾಸ್ಕ ಹಬ್ಬದ ಹೊತ್ತಿಗೆ ಹದವಾಗಿ ಒಣಗಿರುತ್ತದೆ. ಹಬ್ಬದ ಬಟ್ಟೆಯನ್ನು ಅದರಿಂದಲೇ ಒಗೆಯಬಹುದು.